ಎಣ್ಣೆ ಇಳಿದ ಪಚ್ಚೆ

ಚಿಂಬಲ್
ಸೋಮವಾರ, ೯ ಜೂನ್ ೨೦೨೫

ಮೃದುಲಕ್ಕಾ,

ಒಡವೆ ಕಾರ್ಖಾನೆಗೆ ಸೇರುವಾಗ ನಮಗೆ ಕೊಟ್ಟ ಮಾತು ಇಷ್ಟು. ಒಂದು ವರ್ಷ ಮುಗಿದರೆ ಕೆಲಸ ಕಾಯಂ. ಗುರುತಿನ ಚೀಟಿ. ಆಸಿಡ್ ಮುಟ್ಟುವವರಿಗೆ ಕೈಗವಸು. ಹರಳು ಮುಟ್ಟುವವರಿಗೆ ಮೊದಲು ಹದಿನೈದು ದಿನದ ತರಬೇತಿ. ಏನಾದರೂ ತಪ್ಪು ನಡೆದರೆ ನಮ್ಮ ಮಾತನ್ನೂ ಕೇಳಿದ ಮೇಲೆಯೇ ಕ್ರಮ.

ಸಿಗದೇ ಹೋದದ್ದು ಇಷ್ಟು. ನಾಲ್ಕು ವರ್ಷವಾದರೂ ಕಾಯಂ ಇಲ್ಲ. ಕೈಗವಸು ಒಂದೇ ಜೊತೆ ಬಂತು, ಅದೂ ಗಿರಾಕಿಗಳು ನೋಡಲು ಬಂದಾಗ ಹಾಕಿಕೊಂಡು ನಿಲ್ಲಲಿಕ್ಕೆ. ತರಬೇತಿ ಇಲ್ಲ. ನನ್ನ ಮಾತು ಯಾರೂ ಕೇಳಲಿಲ್ಲ. ಗುರುತಿನ ಚೀಟಿಗೆಂದು ಫೋಟೊ ತೆಗೆದರು, ಚೀಟಿ ಬರಲಿಲ್ಲ. ಫೋಟೊ ಮಾತ್ರ ಈಗ ಹೊರಗೆ ಬಂದಿದೆ. ಮಡಗಾವಿನಿಂದ ಮಾಪ್ಸಾದವರೆಗೆ ಬಂಗಾರದಂಗಡಿಯವರ ಮೊಬೈಲುಗಳಲ್ಲೆಲ್ಲ ಓಡಾಡುತ್ತಿದೆ. ಕೆಳಗೆ ಬರೆದಿದ್ದಾರೆ: "ಹರಳು ಬದಲಿಸುವ ಹೆಂಗಸು, ಹುಷಾರ್."

ನಿಮಗೆ ಹನ್ನೊಂದು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ನಮ್ಮ ಕಾರ್ಮಿಕರ ಸಂಘದ ವಿರೂಪಾಕ್ಷಪ್ಪ ಕಾಕಾ ನಿಮಗೆ ಗೊತ್ತು, ಮಡಗಾವಿನ ಮೋತಿ ಡೊಂಗರದಲ್ಲಿರುವ, ಗೋಡೆ ಕಟ್ಟುವ ಗವಂಡಿ ಮುದುಕರು, ಒಮ್ಮೆ ಗೇಟಿನ ಮುಂದೆ ಕರಪತ್ರ ಹಂಚಲು ಬಂದಾಗ ನೀವೂ ಒಂದು ತೆಗೆದುಕೊಂಡಿದ್ದಿರಿ. ಅವರು ಹೇಳಿದರು: "ಫೋನಿನ್ಯಾಗ ಆಡಿದ್ದು ಗಾಳ್ಯಾಗ ಹೋಗ್ತದವಾ. ಕಾಗದಾ ಬರಿ, ಬರಸ್ಕೋ. ಬರದ ಮ್ಯಾಲೆ ನಾ ಅಂದಿಲ್ಲ ಅನ್ನಾಕ ಬರೂದಿಲ್ಲ." ಅದಕ್ಕೆ ಈ ಪತ್ರ. ಕಾರ್ಖಾನೆಯೊಳಗೆ ನಿಮ್ಮನ್ನು ಮೇಡಂ ಅನ್ನಬೇಕಿತ್ತು. ಈಗ ನಾನು ಒಳಗಿಲ್ಲ. ಬಸ್ಸಿನಲ್ಲಿ ಅಕ್ಕಾ ಅನ್ನುತ್ತಿದ್ದೆ, ಅದನ್ನೇ ಅನ್ನುತ್ತೇನೆ.

ನಡೆದದ್ದನ್ನು ಬರೆದಿಡುತ್ತೇನೆ. ನೀವು ಅಲ್ಲೇ ಪಕ್ಕದ ಮೇಜಿನಲ್ಲಿದ್ದಿರಿ, ತಪ್ಪಿದ್ದರೆ ತಿದ್ದಿ.

ಮೇ ಹದಿನೈದು, ಗುರುವಾರ. ಮಾಪ್ಸಾದ ಅರಿವೆ ಅಂಗಡಿಯ ಪರಮೇಶ್ವರಿ ಅಮ್ಮನವರು ಮಗಳು ತನ್ವಿಯ ಮದುವೆ ಹಾರ ಒಯ್ಯಲು ಕೊರ್ಲಿಮ್ಮಿನ ಕಾರ್ಖಾನೆಗೇ ಬಂದರು. ಒಂಬತ್ತು ಪಚ್ಚೆಗಳ ಹಾರ, ನಡುವಿನದು ಹುಣಸೆ ಬೀಜದಷ್ಟು ದೊಡ್ಡದು. ಅವರು ಧಾರವಾಡದ ಕಡೆಯವರು. ಹೊಸ ಒಡವೆಯನ್ನು ಅಂಟವಾಳಕಾಯಿ ನೀರಲ್ಲಿ ಕುದಿಸಿ ತೊಳೆದು, ಅರಿಶಿಣ ಹಚ್ಚಿ, ಆಮೇಲೆ ದೇವರ ಮುಂದೆ ಇಡುವುದು ಅವರ ಮನೆಯ ಪದ್ಧತಿ. ಅಂಟವಾಳಕಾಯಿಯನ್ನು ಕೈಚೀಲದಲ್ಲಿ ಅವರೇ ತಂದಿದ್ದರು. "ಹತ್ತ ಮಂದಿ ಕೈ ಮುಟ್ಟಿದ್ದ ವಸ್ತು ಅದ. ನನ್ನ ಕಣ್ಣ ಮುಂದ ತೊಳದು ಕೊಡ್ರಿ" ಅಂದರು.

ಹತ್ತು ಮಂದಿ ಅಂದರೆ ಯಾರು? ನಾನು, ಪಾಲಿಶ್ ಮಾಡುವ ಧಾಮಿಬಾಯಿ, ಕಟ್ಟಿನಲ್ಲಿ ಹರಳು ಕೂರಿಸುವ ತೌಸೀಫ. ನಮ್ಮ ಕೈ ತಾಗಿದ್ದನ್ನು ತೊಳೆಯಬೇಕು, ತೊಳೆಯುವ ಕೈ ಮತ್ತೆ ನನ್ನದೇ. ರಘೋತ್ತಮ ಸಾವ್ಕಾರ್ರು ನಕ್ಕು, "ಆಗ್ಲಿ ಅಕ್ಕಾರ, ಅದರಾಗೇನದ" ಎಂದು ನನ್ನನ್ನು ಕರೆದರು.

ನಮ್ಮವ್ವನ ಮೈಮೇಲೆ ಗುಲಗಂಜಿಯಷ್ಟು ಬಂಗಾರವಿರಲಿಲ್ಲ. ಆದರೆ ಗದಗಿನ ನಾಲ್ಕು ಮನೆಗಳ ಬಂಗಾರವನ್ನು ಹಬ್ಬದ ಮುಂದೆ ಅವಳೇ ಅಂಟವಾಳದಲ್ಲಿ ಕುದಿಸಿ ಕೊಡುತ್ತಿದ್ದಳು, ನಾನು ನೀರು ಹಾಕುತ್ತಿದ್ದೆ. ಬಂಗಾರಕ್ಕೆ ಏನೂ ಆಗುವುದಿಲ್ಲ ಅಂತ ಗೊತ್ತು. ಪಚ್ಚೆಗೆ ಏನಾಗುತ್ತದೆ ಅಂತ ಯಾರು ಹೇಳಿದ್ದರು ನನಗೆ? ಹದಿನೈದು ನಿಮಿಷ ಕುದಿಸಿದೆ. ಮೆತ್ತನೆಯ ಬ್ರಷ್ಷಿನಿಂದ ತಿಕ್ಕಿದೆ. ಅಮ್ಮನವರು ಮೆಚ್ಚಿ ತೆಗೆದುಕೊಂಡು ಹೋದರು.

ಭಾನುವಾರ ಮದುವೆ. ಮಂಟಪದ ದೀಪಗಳ ಕೆಳಗೆ ಹರಳುಗಳಲ್ಲಿ ಬಿಳಿ ಗೆರೆಗಳು ಎದ್ದು ಕಂಡವಂತೆ. ನಡುವಿನ ದೊಡ್ಡದು ಒಡೆದ ಸೀಸೆಯ ಹಾಗೆ ಕಂಡಿತಂತೆ. ಬೀಗರ ಹೆಂಗಸರು "ಗಾಜು" ಅಂದರಂತೆ. ಸೋಮವಾರ ಪರಮೇಶ್ವರಿ ಅಮ್ಮನವರು ಹಾರ ತಂದು ಮೇಜಿನ ಮೇಲೆ ಒಗೆದರು. ಸಾವ್ಕಾರ್ರು ಅದನ್ನು ಎತ್ತಿ ನೋಡಲೂ ಇಲ್ಲ. ನನ್ನನ್ನು ನೋಡಿ, "ಇಕಿ ತೊಳಿಯೂಮುಂದ ಬದಲ ಮಾಡ್ಯಾಳ" ಅಂದುಬಿಟ್ಟರು. ನಾಲ್ಕು ಗಂಟೆಗೆ ನಾನು ಗೇಟಿನ ಹೊರಗೆ.

ಪೊಲೀಸರಿಗೆ ಯಾಕೆ ಹೇಳಲಿಲ್ಲ ಅವರು? ಅದನ್ನೇ ಕೂತು ಯೋಚಿಸುತ್ತಿದ್ದೇನೆ.

ಹರಳು ಪರೀಕ್ಷೆ ಮಾಡುವವರು ಆ ಕಾರ್ಖಾನೆಯಲ್ಲಿ ನೀವೊಬ್ಬರೇ. ನಾನು ಕೇಳುವುದು ಒಂದೇ. "ಹರಳು ಬದಲಾಗಿಲ್ಲ, ಇದು ಅದೇ ಹರಳು" ಎಂದು ಒಂದು ಸಾಲು ಬರೆದು ಸಹಿ ಹಾಕಿ ಕೊಡಿ. ಕೆಲಸ ಹೋದರೆ ಇನ್ನೊಂದು ಹುಡುಕಿಕೊಂಡೇನು. ಕಳ್ಳಿ ಎಂಬ ಹೆಸರು ಹೊತ್ತವಳಿಗೆ ಯಾರ ಮನೆಯ ಬಾಗಿಲೂ ತೆರೆಯುವುದಿಲ್ಲ.

ನಿಮ್ಮ ಪಕ್ಕದ ಮೇಜಿನ
ನೀಲವ್ವ


ತಾಳಗಾಂವ್
೨೮ ಜೂನ್ ೨೦೨೫

ಪ್ರೀತಿಯ ನೀಲಾ,

ನಿನ್ನ ಪತ್ರ ಸಿಕ್ಕಿತು. ದಯವಿಟ್ಟು ಇನ್ನು ಮೇಲೆ ಕಾರ್ಖಾನೆಯ ವಿಳಾಸಕ್ಕೆ ಬರೆಯಬೇಡ, ಗೇಟಿನಲ್ಲಿ ಒಡೆದು ನೋಡುತ್ತಾರೆ. ಮನೆಯ ವಿಳಾಸ ಮೇಲೆ ಬರೆದಿದ್ದೇನೆ.

ನಾನು ಸುಮ್ಮನೆ ಕೂತಿಲ್ಲ. ಸಾವ್ಕಾರರ ಹತ್ತಿರ ಎರಡು ಸಲ ಮಾತಾಡಿದೆ. ಅವರು ನೀನು ತಿಳಿದಷ್ಟು ಕೆಟ್ಟವರಲ್ಲ. ವಿಷಯ ಇಲ್ಲಿಗೇ ಮುಗಿಯಲಿ ಎಂಬುದು ಅವರ ಮನಸ್ಸು. ಒಂದು ಕ್ಷಮಾಪಣೆ ಟೈಪ್ ಮಾಡಿಸಿ ಕೊಟ್ಟಿದ್ದಾರೆ, ಜೊತೆಗಿಟ್ಟಿದ್ದೇನೆ. "ಅಚಾತುರ್ಯದಿಂದ ಹರಳು ಅದಲುಬದಲಾಯಿತು" ಎಂದಷ್ಟೇ ಇದೆ, ಕಳವು ಎಂಬ ಮಾತೇ ಇಲ್ಲ. ನೀನು ಸಹಿ ಹಾಕಿದರೆ ಆ ಫೋಟೊ ತೆಗೆಸುತ್ತಾರೆ.

ನಮ್ಮ ಕಟ್ಟಡದಲ್ಲಿ ಒಬ್ಬರಿಗೆ ಅಡುಗೆಗೆ ಜನ ಬೇಕಾಗಿದೆ. ನಿನ್ನ ಹೆಸರು ಹೇಳಲೇ? ಒಳ್ಳೆಯ ಜನ. ನಿನ್ನ ಕೈ ಜೋಳದ ರೊಟ್ಟಿ ಬಸ್ಸಿನಲ್ಲಿ ತಿಂದದ್ದು ನೆನಪಾಗುತ್ತದೆ.

ಮಳೆ ಬಿಡುವ ಹಾಗೆ ಕಾಣುವುದಿಲ್ಲ. ಹುಷಾರಾಗಿರು.

ಮೃದುಲಾ


ಚಿಂಬಲ್
ಭಾನುವಾರ, ೬ ಜುಲೈ ೨೦೨೫

ಅಕ್ಕಾ,

ನೀವು ಕಳಿಸಿದ ಕ್ಷಮಾಪಣೆಯ ಬೆನ್ನ ಮೇಲೆಯೇ ಈ ಪತ್ರ ಬರೆಯುತ್ತಿದ್ದೇನೆ. ಕಾಗದ ದಪ್ಪವಾಗಿದೆ, ಮಸಿ ಹಿಂದಕ್ಕೆ ಇಳಿಯುವುದಿಲ್ಲ. ಸಾವ್ಕಾರ್ರಿಗೆ ಹೇಳಿ, ಅವರಿಂದ ನಾಲ್ಕು ವರ್ಷದಲ್ಲಿ ಉಪಯೋಗಕ್ಕೆ ಬಂದದ್ದು ಇದೊಂದೇ.

ನಾನು ಅಕ್ಷರ ಕಲಿತದ್ದು ಗದಗಿನ ನಗರಸಭೆಯ ಮುಂದೆ, ಧರಣಿಯ ಪೆಂಡಾಲಿನಲ್ಲಿ. ಕಸ ಬಳಿಯುವ ನಮ್ಮವ್ವ ಹಿಡಿದ ಫಲಕದ ಮೇಲೆ ಏನಿದೆ ಎಂದು ಕೇಳಿ ಕೇಳಿ ಓದಲು ಕಲಿತೆ. ಆಗಿನಿಂದ ಒಂದು ರೂಢಿ. ಸಹಿ ಹಾಕುವ ಮೊದಲು ಓದುತ್ತೇನೆ. "ಅದಲುಬದಲಾಯಿತು" ಅಂದರೆ ಏನಕ್ಕಾ? ಹರಳು ತಾನಾಗಿಯೇ ಎದ್ದು ಹೋಯಿತೇ? ನಾನು ಸಹಿ ಹಾಕಿದರೆ ಕಳ್ಳಿ ಎಂದು ನಾನೇ ಬರೆದುಕೊಟ್ಟ ಹಾಗೆ, ಕಳವು ಎಂಬ ಮಾತು ಇರಲಿ ಬಿಡಲಿ.

ನಿಮಗೆ ಒಂದು ದಿನ ನೆನಪು ಮಾಡುತ್ತೇನೆ. ಹೋದ ವರ್ಷ ಫೆಬ್ರವರಿ, ಊಟದ ಹೊತ್ತು. ಮಂದಿಯೆಲ್ಲ ಹೊರಗೆ ಹೋಗಿದ್ದರು. ನೀವು ಮೈಕ್ರೋಸ್ಕೋಪಿನ ಮುಂದೆ ಕೂತಿದ್ದವರು ನನ್ನನ್ನು ಕರೆದಿರಿ. "ಬಾ ಇಲ್ಲೆ. ನಿನಗೊಂದು ತ್ವಾಟಾ ತೋರಸ್ತೀನಿ."

ಕಣ್ಣಿಟ್ಟೆ. ಆಮೇಲೆ ಆ ಹಾರದ ನಡುವೆ ಕೂತ ಅದೇ ಹುಣಸೆ ಬೀಜದಷ್ಟು ಹರಳಿನೊಳಗೆ ಪಾಚಿಯಂಥ ಎಳೆಗಳು, ಬೇರುಗಳು, ಮುರಿದ ಗರಿಗಳು. ನಡುವೆ ಮುಳ್ಳು ಮುಳ್ಳು ಅಂಚಿನ ಒಂದು ಸಣ್ಣ ಗವಿ. ಗವಿಯಲ್ಲಿ ನೀರು. ನೀರಲ್ಲಿ ಒಂದು ಗುಳ್ಳೆ. ಗುಳ್ಳೆಯ ಪಕ್ಕದಲ್ಲಿ ಚೌಕನೆಯ ಒಂದು ಕಣ. ಅದೇನು ಎಂದು ಕೇಳಿದೆ. ಉಪ್ಪು ಅಂದಿರಿ. ಪಚ್ಚೆ ನೆಲದೊಳಗೆ ಬೆಳೆಯುವಾಗ ಸಿಕ್ಕಿಬಿದ್ದ ನೀರು, ಆ ನೀರಿನದೇ ಉಪ್ಪು. "ಮನಿಷಾ ಹುಟ್ಟೂಕಿಂತ ಮೊದಲಿನ ನೀರದು, ನೀಲಾ. ಇಂಥಾದ್ದ ಇನ್ನೊಂದ ಹರಳಿನ್ಯಾಗ ಸಿಗೂದಿಲ್ಲ. ಹೆಬ್ಬೆಟ್ಟಿನ ಗುರತ ಇದ್ದಂಗ."

ನಮ್ಮ ಹೆಬ್ಬೆಟ್ಟು ಹಾಜರಿ ಯಂತ್ರಕ್ಕೆ ಮಾತ್ರ ಗೊತ್ತು ಅಂದೆ. ನೀವು ನಕ್ಕಿರಿ. ಆಮೇಲೆ ಹೇಳಿಕೊಟ್ಟಿರಿ: ಪಚ್ಚೆ ಗಡಸು ಕಲ್ಲು, ಆದರೆ ಪೆಟ್ಟು ತಾಳುವುದಿಲ್ಲ, ಅದಕ್ಕೇ ನಾಲ್ಕೂ ಮೂಲೆ ಕತ್ತರಿಸಿ ಎಂಟು ಬದಿ ಮಾಡುತ್ತಾರೆ. ಬಿರುಕಿಲ್ಲದ ಪಚ್ಚೆ ಸಾವಿರಕ್ಕೊಂದು. ಒಳಗೆ ಏನೇನೂ ಕಾಣದಿದ್ದರೆ ಮೊದಲು ಅನುಮಾನ ಪಡು, ಅದು ಗಾಜಿದ್ದೀತು. ಅಷ್ಟೇ ನನ್ನ ತರಬೇತಿ. ಅರ್ಧ ಗಂಟೆ. ಕೊಟ್ಟವರು ನೀವು, ಅದಕ್ಕೆ ಋಣಿ.

ಅವತ್ತು ನೀವು ಆ ಗವಿಯ ಫೋಟೊ ತೆಗೆದಿರಿ. ಅಚ್ಚು ಹಾಕಿಸಿ, ನಿಮ್ಮ ಹಸಿರು ರಟ್ಟಿನ ನೋಟುಬುಕ್ಕಿನಲ್ಲಿ ಅಂಟಿಸಿ, ಪಕ್ಕದಲ್ಲಿ ತಾರೀಖು, ತೂಕ ಬರೆದು ಸಹಿ ಹಾಕಿದಿರಿ. ನಾನು ನೋಡುತ್ತ ನಿಂತಿದ್ದೆ. ಆ ಫೋಟೊ ಒಂದು ಕಡೆ, ಪರಮೇಶ್ವರಿ ಅಮ್ಮನವರ ಹಾರ ಒಂದು ಕಡೆ ಇಡಿ. ಹರಳು ಬದಲಾಗಿದ್ದರೆ ಉಪ್ಪಿನ ಕಣ ಕಾಣುವುದಿಲ್ಲ. ಕಂಡರೆ ನಾನು ಕಳ್ಳಿಯಲ್ಲ.

ಇನ್ನೊಂದು ಮಾತು. ಮೊನ್ನೆ ಬಸ್ ನಿಲ್ದಾಣದಲ್ಲಿ ಧಾಮಿಬಾಯಿ ಸಿಕ್ಕಿದ್ದಳು. ಆಚೆ ಈಚೆ ನೋಡಿ ಕೇಳಿದಳು, "ಪನ್ನಾಕ್ಕ ಎಣ್ಣಿ ಕುಡಸ್ತಾರ, ನಿನಗ ಗೊತ್ತ ಇಲ್ಲೇನ?" ಪನ್ನಾ ಅಂದರೆ ಪಚ್ಚೆ. ಬಿರುಕಿರುವ ಪಚ್ಚೆಯನ್ನು ದೇವದಾರು ಎಣ್ಣೆಯಲ್ಲಿ ಇಡುತ್ತಾರಂತೆ. ಎಣ್ಣೆ ಬಿರುಕಿಗೆ ಇಳಿದರೆ ಗೆರೆ ಮಾಯವಂತೆ. ಬಿಸಿನೀರು, ಸಾಬೂನು, ಅಂಟವಾಳ ತಾಗಿದರೆ ಎಣ್ಣೆ ಹೊರಗೆ, ಗೆರೆ ಮತ್ತೆ ಮೇಲೆ. ಹಿಂದಿನಿಂದಲೂ ಹೀಗೇ ಮಾಡುತ್ತ ಬಂದಿದ್ದಾರೆ, ಗಿರಾಕಿಗೆ ಹೇಳಿ ಮಾಡಿದರೆ ಮೋಸವಲ್ಲ ಅಂದಳು. ಕಾರ್ಖಾನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ತೊಳೆಯುವವಳೊಬ್ಬಳನ್ನು ಬಿಟ್ಟು.

ಆದರೆ ಹಾರದ ಜೊತೆ ಕೊಟ್ಟ ಪ್ರಮಾಣಪತ್ರದಲ್ಲಿ "ಎಣ್ಣೆ ಇಲ್ಲ" ಎಂದಿತ್ತು. ಪರಮೇಶ್ವರಿ ಅಮ್ಮನವರು ಗಟ್ಟಿಯಾಗಿ ಓದಿದ್ದನ್ನು ನಾನೇ ಕೇಳಿದ್ದೇನೆ. ಅದನ್ನು ಬರೆದವರು ಯಾರಕ್ಕಾ?

ಅಡುಗೆ ಕೆಲಸಕ್ಕೆ ನನ್ನ ಹೆಸರು ಹೇಳಬೇಡಿ. ನನ್ನ ಹೆಸರು ಎಲ್ಲಿ ಹೇಳಬೇಕೋ ಅಲ್ಲಿ ಹೇಳಿ.

ನೀಲವ್ವ


ತಾಳಗಾಂವ್
೧೪ ಸೆಪ್ಟೆಂಬರ್ ೨೦೨೫

ನೀಲಾ,

ಎರಡು ತಿಂಗಳು ಉತ್ತರ ಬರೆಯಲಿಲ್ಲ. ಬರೆದೆ, ಹರಿದು ಹಾಕಿದೆ. ಇವತ್ತು ನನ್ನ ಗಂಡ ಅಮೇಯ ಊರಿನಲ್ಲಿಲ್ಲ, ಮನೆಯಲ್ಲಿ ಒಬ್ಬಳೇ ಇದ್ದೇನೆ.

ಪ್ರಮಾಣಪತ್ರದ ಅಕ್ಷರ ನನ್ನದೇ. ಎಣ್ಣೆ ತುಂಬಿದ್ದೂ ನಾನೇ, ಎರಡು ದಿನ ಬೆಚ್ಚಗಿನ ಎಣ್ಣೆಯಲ್ಲಿಟ್ಟು. "ಇಲ್ಲ" ಎಂದು ಬರೆಯಲು ಸಾವ್ಕಾರರು ಹೇಳಿದರು. ಎಣ್ಣೆ ಎಂದರೆ ಗಿರಾಕಿ ಹೆದರುತ್ತಾನೆ, ಎಲ್ಲರೂ ಹೀಗೇ ಬರೆಯುತ್ತಾರೆ ಎಂದರು. ಬರೆದೆ.

ನೀನು ಕೇಳದೇ ಇರುವುದನ್ನೂ ಹೇಳುತ್ತೇನೆ. ಆ ಗುರುವಾರ ನೀನು ಬೋಗುಣಿಯಲ್ಲಿ ಅಂಟವಾಳಕಾಯಿ ಹಾಕಿ ಒಲೆಯ ಮೇಲಿಟ್ಟದ್ದನ್ನು ನಾನು ನೋಡಿದೆ. ಕುರ್ಚಿಯಿಂದ ಎದ್ದೆ. ಪರಮೇಶ್ವರಿಯವರ ಕೈಯಲ್ಲಿ ಪ್ರಮಾಣಪತ್ರ ಇತ್ತು. ಸಾವ್ಕಾರರು ನನ್ನ ಕಡೆ ನೋಡಿದರು. "ಬ್ಯಾಡ ನೀಲಾ" ಎಂದು ನಾನಂದಿದ್ದರೆ ಆಯಮ್ಮ ಯಾಕೆ ಎಂದು ಕೇಳುತ್ತಿದ್ದರು. ಕೂತುಬಿಟ್ಟೆ. ಸುಮ್ಮನೆ ಮುಳುಗಿಸಿ ತೆಗೆಯುತ್ತೀಯ, ಏನೂ ಆಗುವುದಿಲ್ಲ ಎಂದುಕೊಂಡೆ. ನೀನು ಹದಿನೈದು ನಿಮಿಷ ಕುದಿಸಿದೆ. ನಾನು ಗೋಡೆಯ ಗಡಿಯಾರವನ್ನೇ ನೋಡುತ್ತ ಕೂತಿದ್ದೆ.

ಹರಳು ಅದೇ. ಸೋಮವಾರ ಸಂಜೆ ನೀನು ಹೋದ ಮೇಲೆ, ಪರಮೇಶ್ವರಿಯವರು ಹಾರ ವಾಪಸ್ ಒಯ್ಯುವ ಮೊದಲು ನೋಡಿದೆ. ಉಪ್ಪಿನ ಕಣ ಅಲ್ಲೇ ಇದೆ.

ನೋಟುಬುಕ್ಕು ನನ್ನ ಕಪಾಟಿನಲ್ಲಿದೆ. ಆದರೆ ಅದರಲ್ಲಿ ಎಣ್ಣೆ ತುಂಬುವ ಮೊದಲು ಎಷ್ಟು ಬಿರುಕಿತ್ತು ಎಂದೂ ಬರೆದಿದ್ದೇನೆ. ಅದನ್ನು ಹೊರಗೆ ತಂದ ದಿನ ನನ್ನ ಹೆಸರು ಮುಗಿಯಿತು. ಸುಳ್ಳು ಪ್ರಮಾಣಪತ್ರ ಬರೆದವಳ ಕೈಗೆ ಯಾರೂ ಹರಳು ಕೊಡುವುದಿಲ್ಲ. ಹನ್ನೆರಡು ವರ್ಷ ಕಣ್ಣು ಸವೆಸಿ ಸಂಪಾದಿಸಿದ್ದು ಆ ಹೆಸರೊಂದೇ. ನಿನಗೆ ಇದು ಅರ್ಥವಾದೀತು ಎಂದುಕೊಳ್ಳುತ್ತೇನೆ.

ಓದಿದ ಮೇಲೆ ಸುಟ್ಟುಬಿಡು.

ಮೃದುಲಾ


ಚಿಂಬಲ್
ಭಾನುವಾರ, ೫ ಅಕ್ಟೋಬರ್ ೨೦೨೫

ಅಕ್ಕಾ,

ಹೆಸರು ಹೋಗುವುದೆಂದರೆ ಏನು ಎಂದು ನನಗೆ ಅರ್ಥವಾದೀತು ಅಂದಿರಿ. ಆಗುತ್ತದೆ. ಮೇ ಹತ್ತೊಂಬತ್ತರಿಂದ ಆಗುತ್ತಲೇ ಇದೆ.

ಪತ್ರ ಎಷ್ಟು ಸಲ ಓದಿದೆನೋ. ನೀವು ಎದ್ದಿರಿ ಎಂಬ ಸಾಲಿನಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಮುಂದಿನ ಸಾಲಿಗೆ ಹೋಗಲು ಮನಸ್ಸಾಗುವುದಿಲ್ಲ.

ಕಳೆದ ವಾರ ಪರಮೇಶ್ವರಿ ಅಮ್ಮನವರು ಚಿಂಬಲ್ಲಿಗೆ ಬಂದಿದ್ದರು. ಓಣಿಯೊಳಗೆ ಕಾರು ಬರುವುದಿಲ್ಲ, ಗಟಾರ ದಾಟಿ ನಡೆದೇ ಬಂದರು. ಒಳಗೆ ಬರಲಿಲ್ಲ, ನೀರು ಕೊಟ್ಟರೆ ಮುಟ್ಟಲಿಲ್ಲ. ಹೊಸ್ತಿಲಲ್ಲೇ ನಿಂತು ಕೇಳಿದರು, "ಖರೇ ಹೇಳವಾ. ನನ್ನ ಹರಳ ಎಲ್ಲೆ ಅದ?"

"ನಿಮ್ಮ ಹಾರದಾಗ ಅದರಿ" ಅಂದೆ.

ಸಿಟ್ಟು ಮಾಡಿ ಹೊರಟವರನ್ನು ನಿಲ್ಲಿಸಿ ಉಪ್ಪಿನ ಕಣದ ಕಥೆ ಹೇಳಿದೆ. ಎಣ್ಣೆಯ ಕಥೆಯನ್ನೂ ಹೇಳಿದೆ. ನಿಮ್ಮ ಹೆಸರು ಮಾತ್ರ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದು ನನಗೂ ಸರಿಯಾಗಿ ಗೊತ್ತಿಲ್ಲ. ತನ್ವಿಯನ್ನು ಅತ್ತೆಮನೆಯಲ್ಲಿ ಗಾಜಿನ ಹಾರದವಳು ಎಂದೇ ಕರೆಯುತ್ತಾರಂತೆ. ಆಯಮ್ಮ ಕೊನೆಗೆ ಹೇಳಿದರು, "ತೊಳಿರಿ ಅಂದಾಕಿ ನಾನ. ಅಂವಾ ಬ್ಯಾಡ ಅನ್ನಬೇಕಿತ್ತಿಲ್ಲೋ?" ನಾನು ಹೇಳಿದೆ, ಬೇಡ ಅನ್ನಬೇಕಾದವರು ಅಲ್ಲಿ ಒಬ್ಬರಿಗಿಂತ ಹೆಚ್ಚಿದ್ದರು.

ಸಂಘದವರು ನನ್ನ ದೂರನ್ನು ಕಾರ್ಮಿಕ ಕಚೇರಿಗೆ ಕೊಟ್ಟಿದ್ದಾರೆ. ಅಮ್ಮನವರು ಹಾರ ತರುತ್ತೇನೆ ಅಂದಿದ್ದಾರೆ. ಗವಿಯ ಫೋಟೊ ಬೇಕು. ಸಹಿ, ತಾರೀಖು ಇರುವ ಆ ಹಾಳೆ ಪೂರಾ ಬೇಕು.

ನೀಲವ್ವ


೨ ನವೆಂಬರ್ ೨೦೨೫

ನನ್ನಿಂದ ಆಗುವುದು ಇಷ್ಟೇ. ಇನ್ನು ಬರೆಯಬೇಡ.

ಮೃ.


ಚಿಂಬಲ್
ಭಾನುವಾರ, ೧೬ ನವೆಂಬರ್ ೨೦೨೫

ಮೃದುಲಾ ಮೇಡಂ,

ಲಕೋಟೆ ತಲುಪಿತು. ಫೋಟೊ ಇದೆ. ಗವಿ, ನೀರು, ಗುಳ್ಳೆ, ಉಪ್ಪಿನ ಕಣ ಎಲ್ಲ ಇವೆ. ಹಾಳೆಯ ಬಲಗಡೆ ಇಲ್ಲ. ತಾರೀಖು ಇದ್ದ ಕಡೆ, ನಿಮ್ಮ ಸಹಿ ಇದ್ದ ಕಡೆ, ಕತ್ತರಿ ನೇರವಾಗಿ ಇಳಿದಿದೆ.

ವಿರೂಪಾಕ್ಷಪ್ಪ ಕಾಕಾನಿಗೆ ತೋರಿಸಿದೆ. ಕನ್ನಡಕ ಏರಿಸಿ ತಿರುಗಿಸಿ ನೋಡಿ ಹೇಳಿದರು, "ಈ ಚಿತ್ರಾ ನಿನ್ನೀನೂ ತಗದಿರಬಹುದು ಅಂತಾನ ಸಾವ್ಕಾರ. ಸಹಿ ಇಲ್ಲದ ಕಾಗದಾ ಯಾರದೂ ಅಲ್ಲ." ಸರಿ ಅನ್ನಿಸಿತು. ನನ್ನನ್ನು ಅರ್ಧ ಉಳಿಸಿ, ನಿಮ್ಮನ್ನು ಪೂರ್ತಿ ಉಳಿಸಿಕೊಂಡಿದ್ದೀರಿ. ಬಿರುಕು ಕಾಣದ ಹಾಗೆ ಎಣ್ಣೆ ತುಂಬುವುದರಲ್ಲಿ ನಿಮ್ಮ ಕೈ ಪಳಗಿದೆ.

ಕಲ್ಲಿಗೆ ಬಿರುಕಿರುವುದು ಕಲ್ಲಿನ ತಪ್ಪಲ್ಲ ಎಂದು ನೀವೇ ಕಲಿಸಿದಿರಿ. ನನ್ನ ತಪ್ಪೂ ಅಲ್ಲ, ನಾನು ನೀರು ಕುದಿಸಿದವಳು. ನೀವು ಹೆದರಿದ್ದನ್ನು ನಾನು ತಪ್ಪು ಅನ್ನುವುದಿಲ್ಲ. ಸಾವ್ಕಾರ್ರ ಕಣ್ಣಿಗೆ ನಾನೂ ಹೆದರಿದ್ದೇನೆ. ಆದರೆ ಆ ಹದಿನೈದು ನಿಮಿಷ ನೀವು ಗಡಿಯಾರ ನೋಡಿದಿರಿ, ನನ್ನನ್ನು ನೋಡಲಿಲ್ಲ. ಆಮೇಲೆ ಆರು ತಿಂಗಳೂ ಗಡಿಯಾರವನ್ನೇ ನೋಡುತ್ತ ಕೂತಿರಿ. ಅದನ್ನು ಏನನ್ನಬೇಕು, ನೀವೇ ಹೇಳಿ.

ನಾಲ್ಕು ವರ್ಷ ಒಂದೇ ಬಸ್ಸಿನಲ್ಲಿ, ಒಂದೇ ಸೀಟಿನಲ್ಲಿ ಹೋದೆವು. ನೀವು ನನಗೆ ನೀನು ಅಂದಿರಿ, ನಾನು ನಿಮಗೆ ನೀವು ಅಂದೆ. ನಾನು ಅದನ್ನು ಪ್ರೀತಿ ಎಂದುಕೊಂಡಿದ್ದೆ.

ಈಗ ಕೆಲಸದ ಮಾತು. ಕಾರ್ಮಿಕ ಕಚೇರಿಯಿಂದ ನೋಟೀಸು ಬಂದಿದೆ. ಸಾವ್ಕಾರ್ರು ಬರುತ್ತಾರೆ. ಪರಮೇಶ್ವರಿ ಅಮ್ಮನವರು ಹಾರ ತರುತ್ತಾರೆ, ತನ್ವಿಯನ್ನೂ ಕರೆತರುತ್ತಾರಂತೆ. ಸಂಘದವರು ಬೇರೆ ಊರಿನಿಂದ ಹರಳು ನೋಡುವವರೊಬ್ಬರನ್ನು ಮೈಕ್ರೋಸ್ಕೋಪಿನ ಸಮೇತ ಕರೆಸುತ್ತಿದ್ದಾರೆ. ಧಾಮಿಬಾಯಿ ಬರುತ್ತೇನೆ ಅಂದಿದ್ದಳು, ನಿನ್ನೆ ಆಗುವುದಿಲ್ಲ ಅಂದಳು. ಅವಳಿಗೆ ಮೂರು ಮಕ್ಕಳು, ಅವಳನ್ನು ಏನೂ ಅನ್ನಲಾರೆ.

ನೀವು ಸುಡು ಎಂದ ಪತ್ರ ನನ್ನ ಹತ್ತಿರವೇ ಇದೆ. ಸೆಪ್ಟೆಂಬರ್ ಹದಿನಾಲ್ಕರದು, ಎರಡೂ ಮಗ್ಗುಲು ಬರೆದದ್ದು, ಕೆಳಗೆ ಪೂರ್ತಿ ಸಹಿ ಇರುವುದು. ಒಂದು ರಾತ್ರಿ ಒಲೆಯ ಹತ್ತಿರ ಹಿಡಿದಿದ್ದೂ ಉಂಟು. ಸುಡಲು ಆಗಲಿಲ್ಲ. ಅದು ನೀವು ನನಗೆ ಹೇಳಿದ ಒಂದೇ ಒಂದು ಖರೇ ಮಾತು. ಅದನ್ನು ಎಲ್ಲರ ಮುಂದೆ ಓದುವುದು ನನಗೆ ಇಷ್ಟವಿಲ್ಲ. ಕಾಗದ ಹಿಡಿದು ನಿಮ್ಮನ್ನು ಹೆದರಿಸಿ ಕರೆತಂದಳು ಎಂದು ನಾಳೆ ಮಂದಿ ಅಂದಾರು. ಅನ್ನಲಿ, ಇದಕ್ಕಿಂತ ಕೆಟ್ಟದ್ದನ್ನು ಈಗಾಗಲೇ ಅಂದಿದ್ದಾರೆ.

ನೀವಾಗಿ ಬಂದರೆ, ಹಾಳೆಯ ಉಳಿದರ್ಧ ಮೇಜಿನ ಮೇಲಿಟ್ಟರೆ, ಪತ್ರ ನನ್ನ ಚೀಲದಲ್ಲೇ ಉಳಿಯುತ್ತದೆ. ಹೊರಗೆ ಬಂದ ಮೇಲೆ ನಿಮ್ಮ ಕೈಗೆ ಕೊಡುತ್ತೇನೆ, ನೀವೇ ಸುಟ್ಟುಕೊಳ್ಳಿ. ಅದಾದ ಮೇಲೆ ನಾವು ಮಾತಾಡಬೇಕಾದ್ದು ಏನೂ ಉಳಿಯುವುದಿಲ್ಲ. ಬಾರದಿದ್ದರೆ ಎದ್ದು ನಿಂತು ಓದುತ್ತೇನೆ, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ.

ಹೇಳಿದ ಹೊತ್ತಿಗೇ ಓದಲು ಏಳುವುದಿಲ್ಲ. ಎದುರಿಗೆ ಒಂದು ಕುರ್ಚಿ ಖಾಲಿ ಇಟ್ಟು ಹದಿನೈದು ನಿಮಿಷ ಕಾಯುತ್ತೇನೆ. ಅಲ್ಲಿಯೂ ಗೋಡೆಯ ಮೇಲೆ ಗಡಿಯಾರವಿದೆ, ನೋಡಿ ಬಂದಿದ್ದೇನೆ.

ಪಣಜಿಯ ಕಾರ್ಮಿಕ ಕಚೇರಿ, ಎರಡನೇ ಮಹಡಿ.

ನೀಲವ್ವ

ಮಂಗಳವಾರ, ನವೆಂಬರ್ ಇಪ್ಪತ್ತೈದು, ಬೆಳಿಗ್ಗೆ ಹನ್ನೊಂದು ಗಂಟೆ.